ಗುಡ್ಡಮ್ಮನ ಮುಖಕ್ಕೆ ಪೆನ್ಸಿಲ್

೧೨ ಜನವರಿ ೧೯೫೮, ಶಿಕಾರಿಪುರ

ಫೋಟೋ ಕಾಗದ ಮಾರುವ ದಾವಣಗೆರೆ ಏಜೆಂಟರು ಪುಕ್ಕಟೆ ಕೊಟ್ಟ ಡೈರಿ ಇದು. ಇಷ್ಟು ದಿನ ಖಾಲಿ ಬಿಟ್ಟಿದ್ದೆ. ಬರೆದಿಡುವಂಥ ಅವಮಾನ ಯಾವುದೂ ಆಗಿರಲಿಲ್ಲ. ಇವತ್ತು ಆಯಿತು.

ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿದ್ದೆ. ರಸ್ತೆ ಆಫೀಸಿನ ಓವರ್‌ಸೀಯರ್ ಹುಲಿಯಪ್ಪ ಬಂದರು. ಹೆಸರಿಗೆ ಹುಲಿ. ಸಾಹೇಬರ ಜೀಪಿನ ಸದ್ದು ಕೇಳಿದರೆ ಸಾಕು, ತಲೆಯ ಮೇಲೆ ಟೋಪಿ ಇಟ್ಟುಕೊಂಡೇ ಟೋಪಿ ಎಲ್ಲಿ ಅಂತ ಹುಡುಕುವ ಮನುಷ್ಯ. ಮಗಳ ಫೋಟೋಕ್ಕೆ ಬಂದಿರಬೇಕು ಎಂದುಕೊಂಡು ಪರದೆ ಇಳಿಸಿದೆ. ಅರಮನೆ ಮೆಟ್ಟಿಲು, ಎರಡು ಕಂಬ, ದೂರದಲ್ಲೊಂದು ನವಿಲು ಇರುವ ಹೊಸ ಪರದೆ.

"ಪರದೆ ಬ್ಯಾಡ್ರಿ ವೀರಬಸಪ್ಪನವರ, ಇದು ಹೊರಗಿನ ಕೆಲಸ" ಎಂದರು. "ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಾಗ ನಮ್ಮ ಇಲಾಖೆದು ಎಷ್ಟು ಗಾಡಿ, ಎಷ್ಟು ಯಂತ್ರ ಅದಾವೋ ಅಷ್ಟರದ್ದೂ ಫೋಟೋ ತೆಗೀಬೇಕಂತ ಮೇಲಿನ ಕಚೇರಿ ಆರ್ಡರ್ ಬಂದೈತಿ. ಯಾವುದು ಇಟ್ಕೊಳ್ಳೋದು, ಯಾವುದು ಗುಜರಿಗೆ ಹಾಕೋದು, ಯಾವ ಊರಿಗೆ ಹೊಸದು ಕೊಡೋದು ಅಂತ ಆ ಆಲ್ಬಮ್ ನೋಡಿ ತೀರ್ಮಾನ ಮಾಡ್ತಾರಂತ."

ದಾವಣಗೆರೆಯಲ್ಲಿ ಗುರುಗಳ ಕಾಲು ಹಿಡಿದು ಕಲಿತ ವಿದ್ಯೆ ನನ್ನದು. ಈ ಎರಡು ತಾಲ್ಲೂಕಿನಲ್ಲಿ ನನ್ನ ಕ್ಯಾಮೆರಾ ಮುಂದೆ ಕೂರದೆ ಹಸೆಮಣೆ ಏರಿದ ಹುಡುಗಿ ಕಡಿಮೆ. ಅಂಥವನು ಡಾಂಬರು ಪೀಪಾಯಿಯ ಫೋಟೋ ತೆಗೆಯಬೇಕಂತೆ! ಆದರೆ ಧನುರ್ಮಾಸ. ಮದುವೆಗಳಿಲ್ಲ, ಪರದೆಯ ನವಿಲು ಧೂಳು ತಿನ್ನುತ್ತಿದೆ. ಒಪ್ಪಿಕೊಂಡೆ.

ನೀಲಾಂಬಿಕೆಗೆ ಹೇಳಿದರೆ ಹೆಂಡತಿಯಾದವಳು ಮರುಗಬೇಡವೇ? ಹಿಟ್ಟು ಜರಡಿ ಹಿಡಿಯುತ್ತಾ, "ರೋಲರಿಗೂ ಸೆರಗು ಸರಿಮಾಡ್ಕೋ ಅಂತ ಹೇಳ್ತೀರೇನು?" ಎಂದು ನಕ್ಕಳು. ಆಮೇಲೆ ಆ ಜರಡಿಯನ್ನು ನಮ್ಮ ಮದುವೆ ಫೋಟೋದ ಮೊಳೆಗೇ ನೇತು ಹಾಕಿದಳು. ಫೋಟೋದಲ್ಲಿ ಅವಳ ಮುಖ ಪೂರಾ ಮುಚ್ಚಿಹೋಗುತ್ತದೆ. ಎಷ್ಟು ಸಲ ಹೇಳಿದ್ದೇನೆ! "ಬ್ಯಾರೆ ಮೊಳೆ ಇಲ್ರಿ" ಅನ್ನುತ್ತಾಳೆ. ಆ ಫೋಟೋ ತೆಗೆದವರು ನನ್ನ ಗುರುಗಳು. ಅದರ ಗಾಜಿನ ಪ್ಲೇಟನ್ನು ನನಗೇ ಉಡುಗೊರೆ ಕೊಟ್ಟಿದ್ದರು. ತಿದ್ದಿ ತೀಡಿದ್ದು ನಾನು, ನನ್ನ ಕೈಯ ಮೊದಲ ಕೆಲಸ. ಅದರಲ್ಲಿ ಅವಳ ಕೆನ್ನೆ ಬೆಣ್ಣೆಯ ಹಾಗಿದೆ. ನನ್ನ ಮೀಸೆಯನ್ನಂತೂ ಹೊಗಳದವರಿಲ್ಲ.

೧೯ ಜನವರಿ

ಹುಲಿಯಪ್ಪನವರ ಕಟ್ಟಪ್ಪಣೆ: ಚಿತ್ರದಲ್ಲಿ ಜನ ಇರಬಾರದು, ಹೂವು ಇರಬಾರದು, ನಂಬರ್ ಪ್ಲೇಟು ಕಾಣಬೇಕು.

"ಗಾಡಿಗೆ ಹೂವು ಯಾರು ಹಾಕ್ತಾರ್ರೀ?" ಎಂದೆ. ಕೆರೆ ಏರಿ ಪಕ್ಕದ ಶೆಡ್ಡಿಗೆ ಹೋಗಿ ನೋಡಿದರೆ ಎಲ್ಲಕ್ಕೂ ಹೂವು! ಫೋಟೋ ಎಂದರೆ ಆಯುಧಪೂಜೆಯ ತಮ್ಮನೋ ಅಣ್ಣನೋ ಎಂದು ಗ್ಯಾಂಗಿನವರು ತಿಳಿದಿದ್ದರು. ನೀರಿನ ಗಾಡಿಗೆ ಬಾಳೆಕಂದು, ಲಾರಿಯ ಹಣೆಗೆ ವಿಭೂತಿ, ಡಾಂಬರು ಕಾಯಿಸುವ ಬಾಯ್ಲರಿಗೆ ಸೇವಂತಿಗೆ ಹಾರ. ಹೆಂಗಸರು ಮಡಿಕೆಯ ಗೆರೆ ಮಾಸದ ಸೀರೆ ಉಟ್ಟು ಬಂದಿದ್ದರು. ಲಾರಿ ಡ್ರೈವರು ಅತ್ತೆಯನ್ನೂ ಕರೆತಂದಿದ್ದ.

ಹುಲಿಯಪ್ಪ ಕೈಮುಗಿದು "ದೂರ ಸರೀರವ್ವ, ಸರೀರಪ್ಪ" ಎಂದರು. ಎಲ್ಲರೂ ಒಂದು ಹೆಜ್ಜೆ ಸರಿದು ಅಲ್ಲೇ ನಿಂತರು. "ನಾವು ಚಿತ್ರದಾಗ ಬರೋದಿಲ್ರಿ, ಸುಮ್ನ ನಿಂತಿರ್ತೀವಿ ಅಷ್ಟ" ಎಂದಳು ಡ್ರೈವರಿನ ಅತ್ತೆ.

ಕೆಲಸವಿಲ್ಲದೆ ತಣ್ಣಗಿದ್ದ ಬಾಯ್ಲರಿನೊಳಗೆ ಒಂದು ಕೋಳಿ ಕಾವಿಗೆ ಕೂತಿತ್ತು. ಎಬ್ಬಿಸಲು ಕೈಹಾಕಿದ ಹುಲಿಯಪ್ಪನವರ ಹೆಬ್ಬೆರಳನ್ನು ಕುಕ್ಕಿ ರಕ್ತ ಬರಿಸಿತು. ಅದನ್ನು ಸೇರಿಸಿಯೇ ತೆಗೆದೆ. ಕೋಳಿ ಜನವೂ ಅಲ್ಲ, ಹೂವೂ ಅಲ್ಲ.

ಕರಿ ಬಟ್ಟೆಯೊಳಗೆ ತಲೆಯಿಟ್ಟಾಗ ಅಭ್ಯಾಸಬಲದಿಂದ "ಸ್ವಲ್ಪ ನಗ್ರಿ" ಎಂದುಬಿಟ್ಟೆ, ಲಾರಿಗೆ. ಊರೆಲ್ಲ ನಕ್ಕಿತು. ಸಾಕಾಗಿದೆ.

೨೭ ಜನವರಿ

ಸೊರಬಕ್ಕೆ ಮೊದಲ ಬಸ್ಸು, ಅಲ್ಲಿಂದ ಜಡೆ ಬಸ್ಸು. ಕ್ಯಾಮೆರಾ ಪೆಟ್ಟಿಗೆ ಮೇಲೆ ಯಾರದೋ ಬೆಲ್ಲದ ಪೆಂಟೆ. ಜಡೆಗೆ ಮುಂಚೆ ರಸ್ತೆ ಬದಿಯಲ್ಲಿ ರೋಲರ್ ನಿಂತಿತ್ತು. ಹಬೆಯ ರೋಲರ್, ಬಿಳಿಯರ ಕಾಲದ್ದು. ಹೊಗೆ ಕೊಳವೆ ಸೀಳಿದ್ದಕ್ಕೆ ತಂತಿ ಸುತ್ತಿದ್ದಾರೆ. ಮೇಲಿನ ತಗಡು ಹರಿದು ಸೀಮೆಎಣ್ಣೆ ಡಬ್ಬದ ತೇಪೆ ಹಾಕಿದ್ದಾರೆ. ಮುಂದಿನ ಚಕ್ರದ ಅಂಚು ಮುಕ್ಕಾಗಿದೆ. ಮೈತುಂಬ ತುಕ್ಕು. ಮೂರು ಗಾಲಿಯ ಮೇಲಿನ ಸಿಡುಬು ರೋಗಿ ಎಂದುಕೊಂಡೆ.

ಅದನ್ನು ಓಡಿಸುವವನು ಮಾಸ್ತಪ್ಪ, ಜಡೆಯವನೇ. ರೋಲರಿಗೆ ಅವನು ಇಟ್ಟ ಹೆಸರು ಗುಡ್ಡಮ್ಮ. ನಾನು "ಆ ರೋಲರ್ನ ಸ್ವಲ್ಪ ಈ ಕಡೆ ತಿರುಗಿಸಪ್ಪ" ಎಂದರೆ ಅವನ ಮುಖ ಸಣ್ಣಗಾಯಿತು.

"ಗುಡ್ಡಮ್ಮ ಅನ್ನಿ ಮಾರಾಯ್ರೆ. ಹಂಗೆಲ್ಲ ರೋಲರ್ ಗೀಲರ್ ಅಂದ್ರೆ ಅವ್ಳು ಹೊರಡೋದೇ ಇಲ್ಲ."

ಹೂವು ಬೇಡವೆಂದು ಒಪ್ಪಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು. ಕೊನೆಗೆ ಹಾರವನ್ನು ತೆಗೆದ, ಆದರೆ ಬಿಸಾಡಲಿಲ್ಲ. ಹಾರ ಹಿಡಿದುಕೊಂಡು ರೋಲರಿನ ಹಿಂದೆ ಹೋಗಿ ನಿಂತ. "ಎಂತದು ಅಲ್ಲಿ? ಆಚೆ ಬಾ" ಎಂದೆ. "ಅವ್ಳೊಬ್ಬಳನ್ನೇ ನಿಲ್ಲಿಸಿದ್ರೆ ಹೆದರ್ತಾಳೆ. ನಾನು ಕಾಣೋದಿಲ್ಲ ಬಿಡಿ" ಎಂದ. ಸರಿಯಾಗಿ ಲೆನ್ಸಿನ ಮುಚ್ಚಳ ತೆಗೆಯುವ ಹೊತ್ತಿಗೆ ಚಕ್ರದ ಪಕ್ಕದಿಂದ ಕುತ್ತಿಗೆ ಚಾಚಿ ಇಣುಕಿದ. ಅದೇ ಹೊತ್ತಿಗೆ ಒಂದು ಎಮ್ಮೆಯೂ ಹಿಂದಿನಿಂದ ನಡೆದುಬಂತು. ಇನ್ನೊಂದು ಪ್ಲೇಟು ಉಳಿದಿರಲಿಲ್ಲ.

ಬಸ್ಸಿಗೆ ಬಿಡಲು ಬಂದವನು ಕಿವಿಯ ಹತ್ತಿರ ಬಗ್ಗಿ, "ಸ್ವಲ್ಪ ಚಂದ ಬರೋ ಹಂಗೆ ಮಾಡಿ, ಆಯ್ತಾ? ಅವ್ಳ ಫೋಟೋ ಇದೇ ಮೊದ್ಲು" ಎಂದ.

ಹೆಣ್ಣು ಹೆತ್ತವರೆಲ್ಲ ನನ್ನ ಕಿವಿಯಲ್ಲಿ ಹೇಳುವ ಮಾತು ಇದೇ.

೩ ಫೆಬ್ರವರಿ

ನನ್ನ ಕಸುಬಿನ ಗುಟ್ಟನ್ನು ಈ ಡೈರಿಗೆ ಮಾತ್ರ ಹೇಳುತ್ತೇನೆ. ಗಾಜಿನ ಪ್ಲೇಟಿನಲ್ಲಿ ಮುಖ ತಿರುವುಮುರುವಾಗಿ ಕೂತಿರುತ್ತದೆ. ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ. ಅದಕ್ಕೆ ಎಣ್ಣೆಯಂಥದ್ದೊಂದು ದ್ರವ ಸವರಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಸಣ್ಣಸಣ್ಣ ಚುಕ್ಕೆ ಇಟ್ಟರೆ ಕಾಗದದ ಮೇಲೆ ಕಲೆ ಮಾಯ, ಮಚ್ಚೆ ಮಾಯ, ಕಣ್ಣ ಕೆಳಗಿನ ಗುಳಿ ಮಾಯ. ಹಿಂದಿನ ಗೋಡೆ, ಕೊಡೆ, ಸೋದರಮಾವ ಯಾರು ಬೇಡವೋ ಅವರ ಮೇಲೆ ಕೆಂಪು ಬಣ್ಣ ಬಳಿದರೆ ಅವರೂ ಮಾಯ. ಇನ್ನು ಹುಬ್ಬು, ಕೂದಲು ಕಪ್ಪಾಗಬೇಕಾದರೆ ಚಾಕುವಿನ ಮೊನೆಯಿಂದ ಪ್ಲೇಟನ್ನೇ ಕೆರೆಯಬೇಕು.

ಇದು ಊರಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗಲೂಬಾರದು. ನನ್ನ ಬೋರ್ಡಿನಲ್ಲಿ ಬರೆಸಿದ್ದೇನೆ: ವೀರಬಸಪ್ಪ ಫೋಟೋ ಸ್ಟುಡಿಯೋ. ನಿಮ್ಮ ಮುಖ ನಿಮ್ಮದೇ ಮುಖದಂತೆ.

ಕಿಟಕಿಯ ಬೆಳಕಿಗೆ ರೋಲರಿನ ಪ್ಲೇಟು ಇಟ್ಟುಕೊಂಡು ಕೂತಿದ್ದೆ. ಮೊದಲು ಎಮ್ಮೆಯನ್ನು ತೆಗೆದೆ. ಮಾಸ್ತಪ್ಪನ ತಲೆಯನ್ನೂ ತೆಗೆದೆ. ಸುತ್ತಲಿನದೆಲ್ಲ ಹೋದ ಮೇಲೆ ರೋಲರೊಂದೇ ಬೆಳ್ಳಗೆ ಬೆಳಕಿನಲ್ಲಿ ನಿಂತಿತು. ಆ ತಂತಿಯೊಂದು ಕಣ್ಣಿಗೆ ಚುಚ್ಚುತ್ತಿತ್ತು. ಅದಕ್ಕೆ ಎರಡು ಚುಕ್ಕೆ ಇಟ್ಟೆ. ಆಮೇಲೆ ತೇಪೆ ಚುಚ್ಚಿತು. ಆಮೇಲೆ ತುಕ್ಕು. ಕೈ ಸುಮ್ಮನಿರುವುದಿಲ್ಲ, ನಾನೇನು ಮಾಡಲಿ? ಊಟಕ್ಕೆ ಕರೆದಾಗ ಎದ್ದೆ. ಗುಡ್ಡಮ್ಮ ಈಗ ಹೊಸ ಬಳೆ ತೊಟ್ಟ ಮದುವಣಗಿತ್ತಿ.

ನೀಲಾಂಬಿಕೆ ಬಂದು ನೋಡಿ, "ಪಾಪ, ಇದನ್ನೂ ಬಿಡಲಿಲ್ಲ" ಎಂದಳು. ಏನರ್ಥವೋ!

೧೧ ಫೆಬ್ರವರಿ

ಆಲ್ಬಮ್ ಕೊಟ್ಟೆ. ಹುಲಿಯಪ್ಪ ರೋಲರಿನ ಪುಟ ತೆಗೆದು ಬಾಯಿ ತೆರೆದವರು ಮುಚ್ಚಲಿಲ್ಲ. "ಛಲೋ ಬಂದೈತ್ರಿ!" ಎಂದರು. ತಮ್ಮ ವರದಿಯಲ್ಲಿ 'ಈ ರೋಲರ್ ಸವೆದುಹೋಗಿದೆ, ಸೊರಬದ ರಸ್ತೆಗೆ ಹೊಸದು ಕೊಡಬೇಕು' ಎಂದು ಬರೆದಿದ್ದರಂತೆ. ವರದಿಯನ್ನೂ ಆಲ್ಬಮನ್ನೂ ಒಂದೇ ಲಕೋಟೆಗೆ ಹಾಕಿ ಅರಗು ಒತ್ತಿದರು.

ಮಾಸ್ತಪ್ಪನಿಗೆ ಒಂದು ಪ್ರತಿ ಕಳಿಸಿದೆ. ಕಣ್ಣಿಗೆ ಒತ್ತಿಕೊಂಡನಂತೆ.

೧೦ ಮಾರ್ಚ್

ಮದುವೆ ಕಾಲ. ಬರೆಯಲು ಪುರುಸೊತ್ತಿಲ್ಲ. ಜವಳಿ ಗಂಗಾಧರಪ್ಪನವರ ಮಗಳು ಬಂಗಾರಮ್ಮನ ಫೋಟೋ ಹುಬ್ಬಳ್ಳಿಯ ದೊಡ್ಡ ಮನೆಗೆ ಹೋಗಿ, ಮಾತು ಕೂಡಿಬಂದಿದೆ. ಮುಂದಿನ ಹಲ್ಲನ್ನು ನಾನು ಹೇಗೆ ಒಳಗೆ ಕಳಿಸಿದೆ ಎಂಬುದು ಶಿವನಿಗೇ ಗೊತ್ತು.

ಹುಲಿಯಪ್ಪನಿಗೆ ಮೇಲಿನ ಕಚೇರಿಯಿಂದ ಛೀಮಾರಿ ಬಂದಿದೆ. 'ಇಷ್ಟು ಸುಸ್ಥಿತಿಯಲ್ಲಿರುವ ರೋಲರನ್ನು ಸವೆದುಹೋಗಿದೆ ಎಂದು ಬರೆದಿರುವಿರಿ, ನಾಚಿಕೆಯಾಗಬೇಕು. ಹೊಸದು ಕೊಡುವುದಿಲ್ಲ. ಅದನ್ನು ಕೂಡಲೇ ಶಿವಮೊಗ್ಗ ಕಡೆಯ ದೊಡ್ಡ ರಸ್ತೆ ಕೆಲಸಕ್ಕೆ ಕಳಿಸಿ.'

ಒಳಗೊಳಗೇ ಹೆಮ್ಮೆಯಾಯಿತು. ಯಾರಿಗೆ ಬಂದೀತು ಈ ಕೈಗುಣ?

೨೩ ಮಾರ್ಚ್

ಗುಡ್ಡಮ್ಮ ಊರೊಳಗೆ ಬಂದಳು. ಶಿವಮೊಗ್ಗಕ್ಕೆ ಈ ದಾರಿಯಲ್ಲೇ ಹೋಗಬೇಕು. ಜಡೆಯಿಂದ ಇಲ್ಲಿಗೆ ಬರುವಷ್ಟರಲ್ಲಿ ಹೈರಾಣಾಗಿದ್ದಾಳೆ. ಏರು ಬಂದಲ್ಲೆಲ್ಲ ಎತ್ತು ಕಟ್ಟಿ ಎಳೆದರಂತೆ. ಸರಿಯಾಗಿ ನನ್ನ ಸ್ಟುಡಿಯೋ ಎದುರಿಗೇ ಬಂದು ಕೆಮ್ಮಿ ನಿಂತುಬಿಟ್ಟಳು. ಹೊಗೆಯೆಲ್ಲ ನನ್ನ ನವಿಲಿನ ಪರದೆಗೆ.

ಮಾಸ್ತಪ್ಪ ಕೆಳಗಿಳಿದು ಬಂದ. ಜಗಳಕ್ಕೆ ಬಂದನೆಂದುಕೊಂಡೆ. ಅವನು ನನ್ನ ಕೈ ಹಿಡಿದುಕೊಂಡ. "ನಿಮ್ಮ ಮೇಲೆ ಎಂತ ಬೇಜಾರೂ ಇಲ್ಲ ಮಾರಾಯ್ರೆ. ಚಂದ ಮಾಡಿ ಅಂದೆ, ಮಾಡಿಕೊಟ್ರಿ. ಚಂದ ಇದ್ದ ಹುಡುಗಿ ದೊಡ್ಡೂರಿಗೆ ಹೋಗದೆ ಏನು ಮಾಡ್ತಾಳೆ? ಆದ್ರೆ ಅಲ್ಲಿ ಅವ್ಳನ್ನ ಯಾರು ನೋಡ್ಕಳ್ತಾರೆ ಹೇಳಿ? ಕೊಳವೆಗೆ ತಂತಿ ಎಲ್ಲಿ ಬಿಗೀಬೇಕು ಅಂತ ಅವರಿಗೆಂತ ಗೊತ್ತು?" ಎಂದು ಅಳು ನುಂಗಿದ.

ಗುಡ್ಡಮ್ಮ ಹೊರಟು ಮರೆಯಾಗುವವರೆಗೂ ಬಾಗಿಲಲ್ಲೇ ನಿಂತಿದ್ದೆ. ಹೊಟ್ಟೆಯಲ್ಲಿ ಏನೋ ತಳಮಳ. ಮಧ್ಯಾಹ್ನ ಕಡುಬು ಹೆಚ್ಚಾಗಿರಬೇಕು.

೫ ಏಪ್ರಿಲ್

ಶಿವ ಶಿವಾ! ಹುಲಿಯಪ್ಪನನ್ನು ಕೆಲಸದಿಂದ ನಿಲ್ಲಿಸಿದ್ದಾರೆ.

ಗುಡ್ಡಮ್ಮ ಅಲ್ಲಿ ಮುಟ್ಟಿದಾಗ ಅಲ್ಲಿನವರು ಆಲ್ಬಮ್ ಹಿಡಿದು ನೋಡಿ, "ಇದು ಫೋಟೋದಲ್ಲಿರುವ ರೋಲರ್ ಅಲ್ಲವೇ ಅಲ್ಲ" ಎಂದರಂತೆ. ಹುಲಿಯಪ್ಪ ಒಳ್ಳೆಯ ರೋಲರನ್ನು ಯಾರಿಗೋ ಮಾರಿಕೊಂಡು, ಅದರ ನಂಬರ್ ಪ್ಲೇಟನ್ನು ಎಲ್ಲಿಂದಲೋ ತಂದ ಗುಜರಿಗೆ ಹೊಡೆದು ಕಳಿಸಿದ್ದಾನೆ ಎಂಬ ಗುಮಾನಿ. ಮಾಸ್ತಪ್ಪ ಇವಳೇ ಅವಳು ಎಂದು ಆಣೆ ಇಟ್ಟರೆ, ನೀನೂ ಪಾಲುದಾರ ಎಂದರಂತೆ. ಮುಂದಿನ ವಾರ ಇಲ್ಲೇ ಪ್ರವಾಸಿ ಬಂಗಲೆಯಲ್ಲಿ ವಿಚಾರಣೆ. ಸಾಬೀತಾದರೆ ಕೆಲಸ ಹೋಗುವುದಷ್ಟೇ ಅಲ್ಲ, ಜೈಲು.

ಹುಲಿಯಪ್ಪ ಟೋಪಿಯಿಲ್ಲದೆ ಬಂದಿದ್ದರು. ಇದೇ ಮೊದಲ ಸಲ ಅವರ ತಲೆ ನೋಡಿದ್ದು. "ರೋಲರ್ ಕದಿಯೋಕೆ ಅದೇನು ಸೌತೆಕಾಯೇನ್ರೀ? ಎಲ್ಲಿ ಮುಚ್ಚಿಡ್ಲಿ ಅದನ್ನ?" ಎಂದು ಅತ್ತರು. "ನಿಮ್ಮ ಫೋಟೋನೇ ಸಾಕ್ಷಿ ಅಂತಾರ. ನೀವು ಬಂದು, ನಾ ತೆಗದಿದ್ದು ಈ ರೋಲರ್‌ದೇ ಫೋಟೋ ಅಂತ ಒಂದು ಮಾತು ಹೇಳ್ರಿ ಸಾಕು."

ಪಾಪ, ಅವರಿಗೆ ನನ್ನ ಪೆನ್ಸಿಲ್ಲಿನ ವಿಷಯ ಗೊತ್ತಿಲ್ಲ. ಹೇಳೋಣವೆಂದು ಬಾಯಿ ತೆರೆದೆ. "ಮಜ್ಜಿಗೆ ಕುಡೀರಿ" ಎಂದೆ.

೭ ಏಪ್ರಿಲ್

ಹೇಳಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. ವೀರಬಸಪ್ಪ ಫೋಟೋ ತಿದ್ದುತ್ತಾನೆ ಎಂದು ಒಮ್ಮೆ ಬಾಯಿಬಿಟ್ಟರೆ ಹುಬ್ಬಳ್ಳಿಯವರು ಬಂಗಾರಮ್ಮನ ಮಾತು ಮುರಿಯುತ್ತಾರೆ. ಗಂಗಾಧರಪ್ಪ ನನ್ನನ್ನು ಮುರಿಯುತ್ತಾರೆ. ಈ ಬೇಸಿಗೆಯಲ್ಲಿ ಗಟ್ಟಿಯಾದ ಮದುವೆಗಳ ಬೀಗರೆಲ್ಲ ಫೋಟೋ ಹಿಡಿದು ಹೆಣ್ಣಿನ ಮುಖದ ಪಕ್ಕ ಇಟ್ಟು ನೋಡುತ್ತಾರೆ. ಆಮೇಲೆ ನನ್ನ ಕ್ಯಾಮೆರಾ ಮುಂದೆ ಕೂರಲು ನವಿಲೊಂದೇ ಉಳಿಯುತ್ತದೆ.

ಹೇಳದಿದ್ದರೆ ಹುಲಿಯಪ್ಪ ಜೈಲಿಗೆ.

ಸುಮ್ಮನೆ 'ಇದೇ ರೋಲರ್' ಅಂದುಬಿಡೋಣವೇ? ಕುರುಡನೂ ಒಪ್ಪುವುದಿಲ್ಲ. ಅಷ್ಟು ಚೆನ್ನಾಗಿ ತಿದ್ದಿದ್ದೇನೆ, ಹಾಳಾದ್ದು.

ನೀಲಾಂಬಿಕೆಯನ್ನು ಕೇಳಿದೆ. ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಹೇಳಿದಳು: "ಗುಡ್ಡಮ್ಮನ್ನ ಇದ್ದ ಹಂಗ ಬಿಟ್ಟಿದ್ರ ಆಕಿ ತನ್ನ ಊರಾಗ ಇರ್ತಿದ್ಲು. ತಿದ್ದಿ ಕಳಿಸಿದ್ರಿ. ಈಗ ನೋಡ್ದೋರೆಲ್ಲ ಆಕಿ ಆಕಿ ಅಲ್ಲ ಅಂತಾರ. ಹೆಂಗಾಗಿರ್ಬೇಕು ಆಕಿಗೆ?"

"ಅದು ಕಬ್ಬಿಣ ಕಣೇ" ಎಂದೆ.

"ಹೂಂ, ಕಬ್ಬಿಣ" ಎಂದಳು. ರೊಟ್ಟಿ ಇವತ್ತು ಸೀದಿತ್ತು.

೯ ಏಪ್ರಿಲ್

ಹೊಟ್ಟೆ ಸರಿಯಿಲ್ಲ. ಕಡುಬು ತಿಂದಿಲ್ಲ.

೧೩ ಏಪ್ರಿಲ್

ನಿನ್ನೆ ವಿಚಾರಣೆ ಮುಗಿಯಿತು. ನಿಧಾನವಾಗಿ ಬರೆಯುತ್ತೇನೆ, ಕೈ ಇನ್ನೂ ಟರ್ಪೆಂಟೈನ್ ವಾಸನೆ.

ಬಂಗಲೆಯ ಜಗಲಿಯಲ್ಲಿ ಮೇಜು. ಮೇಜಿನ ಹಿಂದೆ ಶಿವಮೊಗ್ಗದಿಂದ ಬಂದ ವಿಚಾರಣೆ ಸಾಹೇಬರು, ದಪ್ಪ ಕನ್ನಡಕ. ಮುಂದೆ ಹುಲಿಯಪ್ಪ, ಪಕ್ಕದಲ್ಲಿ ಮಾಸ್ತಪ್ಪ. ಪಂಚರನ್ನಾಗಿ ಊರಿನ ಹಿರಿಯರನ್ನು ಕೂರಿಸಿದ್ದರು. ನಡುವೆ ಕೂತವರು ಯಾರೆಂದು ನೋಡಿದರೆ ಜವಳಿ ಗಂಗಾಧರಪ್ಪನವರೇ!

ಸಾಹೇಬರು ನನ್ನ ಚಿತ್ರವನ್ನು ಎತ್ತಿ ಹಿಡಿದರು. "ಇದನ್ನ ತೆಗೆದವರು ನೀವೇ ತಾನೇ?"

"ಹೌದು ಸ್ವಾಮಿ."

"ಇದರಲ್ಲಿ ಒಂದು ಗೀರಿಲ್ಲ, ಒಂದು ತೇಪೆಯಿಲ್ಲ. ಅಲ್ಲಿ ಬಂದು ನಿಂತಿರೋದರಲ್ಲಿ ತೇಪೆ ಬಿಟ್ಟು ಬೇರೇನೂ ಇಲ್ಲ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿರಬೇಕು. ಓವರ್‌ಸೀಯರ್ ಸುಳ್ಳು ಹೇಳಬಹುದು. ಫೋಟೋ ಸುಳ್ಳು ಹೇಳುತ್ತೇನ್ರೀ?"

ಹುಲಿಯಪ್ಪ ನನ್ನ ಕಡೆ ನೋಡಿದರು. ತಲೆಯ ಮೇಲೆ ಕೈಯಾಡಿಸಿ, ಅಲ್ಲಿಲ್ಲದ ಟೋಪಿಯನ್ನು ಸರಿಮಾಡಿಕೊಂಡರು. ಅದನ್ನು ನೋಡಲಾಗಲಿಲ್ಲ ನನಗೆ.

"ಫೋಟೋ ತಾನಾಗಿ ಸುಳ್ಳು ಹೇಳೋದಿಲ್ಲ ಸ್ವಾಮಿ" ಎಂದೆ. "ನಾನು ಹೇಳಿಸಿದ್ದೇನೆ."

ಆಮೇಲೆ ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಒದರಿಬಿಟ್ಟೆ. ಪೆನ್ಸಿಲ್ಲು, ಕೆಂಪು ಬಣ್ಣ, ಚಾಕು, ಎಲ್ಲ. ರೋಲರಿಗೆ ಮಾತ್ರವಲ್ಲ, ಮನುಷ್ಯರಿಗೂ ಇದನ್ನೇ ಮಾಡುತ್ತೇನೆ, ಈ ಊರಿನಲ್ಲಿ ನಾನು ತಿದ್ದದ ಮುಖ ಇಲ್ಲ ಎಂದೆ. ಮುಗಿಸಿ ಕಣ್ಣು ತೆರೆದಾಗ ಎಲ್ಲರೂ ಗಂಗಾಧರಪ್ಪನವರ ಕಡೆ ನೋಡುತ್ತಿದ್ದರು.

ಗಂಗಾಧರಪ್ಪ ಎಲೆಅಡಿಕೆ ಉಗುಳಿ ಬಂದು ಕೂತರು. "ಇಷ್ಟಕ್ಕ ಯಾಕಿಷ್ಟು ಬೆವರ್ತೀರಿ ವೀರಬಸಪ್ಪ? ಇದು ಊರಿಗೇ ಗೊತ್ತಿರೋ ವಿಷ್ಯ ಅಲ್ರೀ! ಅದಕ್ಕ ಅಲ್ಲೇನು ನಿಮ್ಮಲ್ಲಿಗೆ ಬರೋದು? ಇದ್ದ ಹಂಗ ಕಾಣೋದಾದ್ರ ನಮ್ಮ ಮನ್ಯಾಗ ಕನ್ನಡಿ ಇರ್ಲಿಲ್ಲೇನು?"

ಜಗಲಿಯೆಲ್ಲ ನಗು. "ಮತ್ತೆ... ಹುಬ್ಬಳ್ಳಿಯವರು?" ಎಂದೆ.

"ಅವ್ರು ಬಂದು ಹುಡುಗಿ ನೋಡ್ಕೊಂಡು ಹೋಗ್ಯಾರ್ರೀ. ಹಲ್ಲು ನೋಡಿ ನಕ್ರು. ಅವ್ರ ಹುಡುಗನ ಫೋಟೋದಾಗ ತಲೆತುಂಬ ಕೂದಲಿತ್ತು. ಬಂದಾಗ ನಾವೂ ನಕ್ವಿ."

ಇಷ್ಟು ವರ್ಷ ಎದೆಯಲ್ಲಿ ಬಚ್ಚಿಟ್ಟುಕೊಂಡು ನಡೆದ ಗುಟ್ಟು ಇದು! ಊರು ನನ್ನನ್ನು ಕ್ಷಮಿಸಿದ್ದಕ್ಕಿಂತ, ಇಷ್ಟು ದಿನ ಒಬ್ಬರೂ ನಂಬಿರಲಿಲ್ಲವಲ್ಲ ಎಂದು ಹೆಚ್ಚು ಸಂಕಟವಾಯಿತು.

ಆದರೆ ಸಾಹೇಬರು ಹೊರಗಿನವರು. ನಗಲಿಲ್ಲ. "ಊರಿಗೆ ಊರೇ ಒಂದಾಗಿ ಕಥೆ ಕಟ್ಟಿದ್ದೀರಿ. ಬಾಯಿಮಾತು ಬೇಡ, ರುಜುವಾತು ಬೇಕು. ಪೆನ್ಸಿಲ್ಲಿಂದ ರೋಲರ್ ಹೊಸದಾಗೋದನ್ನ ನಾನೆಲ್ಲೂ ಕಂಡಿಲ್ಲ" ಎಂದರು.

ರುಜುವಾತು ಸ್ಟುಡಿಯೋದಲ್ಲಿತ್ತು: ಪೆನ್ಸಿಲ್ಲು ಒರೆಸಿದರೆ ಪ್ಲೇಟಿನಲ್ಲಿ ಮೊದಲಿನ ಮುಖವೇ ಉಳಿಯುತ್ತದೆ. ತರುತ್ತೇನೆಂದು ಏಳುವಷ್ಟರಲ್ಲಿ ಮೆಟ್ಟಿಲ ಬಳಿ ಬಳೆ ಸದ್ದು. ನೀಲಾಂಬಿಕೆ! ತಲೆತುಂಬ ಸೆರಗು ಹೊದ್ದು, ಕೈಯಲ್ಲಿ ಬುಟ್ಟಿ. ಬುಟ್ಟಿಯಲ್ಲಿ ರೋಲರಿನ ಪ್ಲೇಟು, ಹತ್ತಿ, ಟರ್ಪೆಂಟೈನ್ ಸೀಸೆ, ಗುರುಗಳ ಕಾಲದ ಬಿಸಿಲಿಗಿಟ್ಟು ಚಿತ್ರ ಮೂಡಿಸುವ ಕಾಗದ, ಚೌಕಟ್ಟು ಎಲ್ಲವೂ ಇದ್ದವು. ಒಂದು ಚೊಂಬು ನೀರು ಕೂಡ.

"ಇವು ಬೇಕಾಗ್ತಾವ ಅಂತ ಗೊತ್ತಿತ್ರಿ" ಎಂದಳು.

"ನಾನು ಹೇಳ್ತೀನಿ ಅಂತ ನಿನಗೆ ಹೆಂಗೆ ಗೊತ್ತಿತ್ತು?" ಎಂದು ಪಿಸುಗುಟ್ಟಿದೆ. ಅವಳು ಹತ್ತಿಯನ್ನು ನನ್ನ ಕೈಗಿಟ್ಟಳು.

ನನ್ನ ಜೀವಮಾನದ ಒಳ್ಳೆಯ ಕೆಲಸ ಆ ಪ್ಲೇಟು. ಸಾಹೇಬರ ಕಣ್ಣೆದುರಿಗೇ ಟರ್ಪೆಂಟೈನ್ ಹಚ್ಚಿ ಒರೆಸಿದೆ. ಹತ್ತಿ ಕಪ್ಪಾಯಿತು. ನೀರಿನಿಂದ ಕೆಂಪು ಬಣ್ಣ ತೊಳೆದೆ. ಪ್ಲೇಟನ್ನೂ ಕಾಗದವನ್ನೂ ಚೌಕಟ್ಟಿಗೆ ಹಾಕಿ ಅಂಗಳದ ಬಿಸಿಲಿಗೆ ಇಟ್ಟೆ. ಸಾಹೇಬರು, ಪಂಚರು, ಜವಾನ ಎಲ್ಲರೂ ಸುತ್ತ ಕುಕ್ಕರಗಾಲಲ್ಲಿ ಕೂತರು. ಆಗಾಗ ನೆರಳಿಗೆ ತಂದು ಚೌಕಟ್ಟಿನ ಮೂಲೆ ಬಿಚ್ಚಿ ತೋರಿಸಿದೆ. ಮೊದಲು ಹೊಗೆ ಕೊಳವೆ ಮೂಡಿತು. ಆಮೇಲೆ ಕೊಳವೆಗೆ ಸುತ್ತಿದ ತಂತಿ.

"ತಂತಿ!" ಎಂದರು ಸಾಹೇಬರು. ಶಿವಮೊಗ್ಗದಲ್ಲಿ ಗುಡ್ಡಮ್ಮನನ್ನು ನೋಡಿ ಗುಜರಿ ಎಂದು ತಾವೇ ಬರೆದುಕೊಂಡಿದ್ದ ಟಿಪ್ಪಣಿ ತೆಗೆದರು. ತೇಪೆ ಮೂಡಿತು. ಅವರು ಟಿಪ್ಪಣಿಯಲ್ಲಿ ಗೀಟು ಹಾಕಿದರು. ಮುಕ್ಕಾದ ಅಂಚು ಮೂಡಿತು. ತುಕ್ಕು ಊರಗಲ ಹರಡಿತು. ನಿಧಾನವಾಗಿ ಹಿಂದೆ ಎಮ್ಮೆಯೊಂದು ನಡೆದುಬಂತು. ಕೊನೆಗೆ ಚಕ್ರದ ಪಕ್ಕ ಉದ್ದ ಕುತ್ತಿಗೆ ಚಾಚಿದ ಒಂದು ತಲೆ, ಹಾರ ಹಿಡಿದ ಒಂದು ಕೈ.

"ಇವನ್ಯಾರು?"

"ನಾನೇ ಸಾಹೇಬ್ರೇ!" ಎಂದ ಮಾಸ್ತಪ್ಪ. "ಆವಾಗಿಂದ ಹೇಳ್ತಾ ಇಲ್ವಾ ಅವ್ಳೇ ಇವ್ಳು ಅಂತ?"

ಸಾಹೇಬರು ಚಿತ್ರ ನೋಡಿದರು, ಮಾಸ್ತಪ್ಪನನ್ನು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿದ ಮೇಲೆ ಹುಲಿಯಪ್ಪನ ಮೇಲಿನ ಆರೋಪ ಹೊಡೆದುಹಾಕಿದರು. ಸೊರಬಕ್ಕೆ ಹೊಸ ರೋಲರ್ ಕೊಡಬೇಕು, ಅದು ಬರುವವರೆಗೆ ಹಳೆಯದು ಜಡೆಗೇ ವಾಪಸ್ಸು ಹೋಗಲಿ ಎಂದು ಬರೆದರು. ಹುಲಿಯಪ್ಪ ನನ್ನನ್ನು ಬೈಯುತ್ತಾರೆಂದುಕೊಂಡೆ. ತಬ್ಬಿಕೊಂಡು ಅತ್ತರು. ಬೈದಿದ್ದರೆ ಚೆನ್ನಾಗಿತ್ತು.

ಹೊರಡುವಾಗ ಮಾಸ್ತಪ್ಪನಿಗೆ, "ನಿನ್ನ ಹತ್ತಿರ ಇರೋ ತಿದ್ದಿದ ಪ್ರತಿ ಹರಿದುಹಾಕಪ್ಪ" ಎಂದೆ. "ಬಿಡ್ತು ಅನ್ನಿ ಮಾರಾಯ್ರೆ. ಅದು ಅವ್ಳ ಪ್ರಾಯದ ಕಾಲದ್ದು ಅಂತ ಊರಲ್ಲೆಲ್ಲ ಹೇಳಿದ್ದೀನಿ" ಎಂದ.

೧೪ ಏಪ್ರಿಲ್

ಮಧ್ಯಾಹ್ನ ಊಟವಾದ ಮೇಲೆ ನೀಲಾಂಬಿಕೆ, "ಆ ಟರ್ಪೆಂಟೈನ್ ಉಳಿದೈತೇನ್ರಿ?" ಎಂದಳು.

"ಐತಿ. ಯಾಕೆ?"

ಒಳಗೆ ಹೋಗಿ ಟ್ರಂಕಿನ ತಳದಿಂದ ಸೀರೆಯಲ್ಲಿ ಸುತ್ತಿದ್ದ ಒಂದು ಪ್ಲೇಟು ತಂದು ಮೇಜಿನ ಮೇಲಿಟ್ಟಳು. ನಮ್ಮ ಮದುವೆಯದು.

"ಅದರಾಗ ಇರೋ ಹುಡುಗಿನ್ನ ನಾ ಒಂದು ದಿನಾನೂ ನೋಡಿಲ್ಲ" ಎಂದಳು. "ಬಂದವ್ರೆಲ್ಲ ಆಕಿನ್ನ ನೋಡ್ತಾರ, ಆಮೇಲೆ ನನ್ನ ನೋಡ್ತಾರ. ನಾ ಈ ಮನಿಗೆ ಬಂದಿದ್ದು ಸಿಡುಬಿನ ಕಲೆ ಇಟ್ಕೊಂಡೇ ಅಲ್ರೀ. ನೀವು ನೋಡೇ ಅಲ್ಲೇನು ಒಪ್ಪಿದ್ದು?"

"ನೋಡೇ ಒಪ್ಪಿದ್ದು" ಎಂದೆ. ನಿಜ. ಅವಳಿಗೆ ಕಲೆ ಇದೆ ಎಂಬುದನ್ನು ನಾನು ಯಾವತ್ತೋ ಮರೆತೇ ಬಿಟ್ಟಿದ್ದೆ. ಬರೆಯುತ್ತಾ ಈಗ ಹಿಂದಿನ ಪುಟಗಳನ್ನು ತಿರುವಿದೆ. ಎಲ್ಲೂ ಬರೆದಿಲ್ಲ.

ಹತ್ತಿ ತೆಗೆದುಕೊಂಡು ಒರೆಸಿದೆ. ಬಿಸಿಲಿಗೆ ಇಟ್ಟೆವು. ಇಬ್ಬರೂ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಕಾದೆವು. ಮೊದಲು ಬಾಸಿಂಗ ಮೂಡಿತು, ಆಮೇಲೆ ಕಣ್ಣು, ಆಮೇಲೆ ಕೆನ್ನೆಯ ಮೇಲೆ ಒಂದೊಂದೇ ಕಲೆ. ನೀಲಾಂಬಿಕೆ ಬೆರಳು ಮುಂದೆ ಮಾಡಿ, "ಹಾಂ, ಈಕಿ ನಾನು" ಎಂದಳು. ಹದಿನೇಳರ ಹುಡುಗಿ, ಹೆದರಿದ ಕಣ್ಣು, ಎಷ್ಟು ಚಂದವಿದ್ದಳು! ಅದನ್ನು ಬಾಯಿಬಿಟ್ಟೇ ಹೇಳಿದೆ. ಅವಳು ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು.

ಮತ್ತೆ ಚಿತ್ರಕ್ಕೆ ಬಗ್ಗಿ, "ನಿಮ್ಮ ಮೀಸೆ ಯಾಕ ಹೋಗ್ಲಿಲ್ಲ?" ಎಂದಳು.

"ಹೋಗೋದಿಲ್ಲ. ಅದು ಪೆನ್ಸಿಲ್ಲಿಂದಲ್ಲ, ಚಾಕುವಿಂದ ಕೆರೆದು ಮಾಡಿದ್ದು."

"ಅವಾಗ ನಿಮಗ ಮೀಸೇನ ಬಂದಿರ್ಲಿಲ್ಲ!" ಎಂದು ನಕ್ಕಳು. ನಕ್ಕು ನಕ್ಕು ಹಿತ್ತಲ ಕಲ್ಲಿನ ಮೇಲೆ ಕೂತಳು. ಪಕ್ಕದ ಮನೆಯವರು ಏನಾಯಿತೆಂದು ಬೇಲಿಯ ಮೇಲಿಂದ ಇಣುಕಿದರು.

೨೨ ಏಪ್ರಿಲ್

ಹಳೆ ಫೋಟೋ ತೆಗೆದು ಹೊಸದನ್ನು ಕಟ್ಟು ಹಾಕಿಸಿ ಅದೇ ಮೊಳೆಗೆ ತೂಗು ಹಾಕಿದ್ದಾಳೆ. ಮನೆಯಲ್ಲಿ ಬೇರೆ ಮೊಳೆ ಇತ್ತಂತೆ. ಸಿಕ್ಕಿತಂತೆ. ಅದನ್ನು ಫೋಟೋದ ಎಡಗಡೆಗೆ, ಒಂದು ಗೇಣು ಮೇಲೆ ಹೊಡೆದು ಹಿಟ್ಟಿನ ಜರಡಿಯನ್ನು ಅದಕ್ಕೆ ನೇತು ಹಾಕಿದ್ದಾಳೆ. ಈಗ ಮುಚ್ಚಿರುವುದು ನನ್ನ ಮುಖ, ಮೀಸೆ ಸಮೇತ.

ತೆಗೆದು ಬೇರೆ ಕಡೆ ಹಾಕೋಣವೆಂದು ಕೈ ಎತ್ತಿದೆ. ಊಟಕ್ಕೆ ಕೂತಾಗ ಎದುರಿಗೆ ಅವಳ ಮುಖವೊಂದೇ ಕಾಣುತ್ತದೆ. ಇರಲಿ ಬಿಡು.